ಬೇಡ ಎನ್ನುವ ಮರ

ಓಲ್ಗೀನ್ ಊರಿನ ಅಂಗರಚನೆಯ ಕೋಣೆ, ಬೆಳಗಿನ ಎಂಟು.
ಇವತ್ತೂ ಕರೆಂಟಿಲ್ಲ.
ಮೇಜನ್ನು ಕಿಟಕಿಗೆ ಎಳೆದುಕೊಂಡು, ಹನ್ನೊಂದು ವಿದ್ಯಾರ್ಥಿಗಳ ಮುಂದೆ
ಫಾರ್ಮಲಿನ್ನಿನಿಂದ ಎತ್ತಿ ತಟ್ಟೆಯಲ್ಲಿಡುತ್ತೇನೆ
ಒಂದು ಹಿಡಿ.

ಇದು ಕಿರುಮೆದುಳು. ತಲೆಯ ಹಿಂದೆ, ತಗ್ಗಿನಲ್ಲಿ,
ದೊಡ್ಡಣ್ಣನ ಹಿತ್ತಿಲಲ್ಲಿ ಇದರ ವಾಸ.
ತೂಕಕ್ಕೆ ಹತ್ತರಲ್ಲೊಂದು ಪಾಲು; ತಲೆಯೆಣಿಸಿದರೆ
ಜಗಲಿಯವರೆಲ್ಲರನ್ನೂ ಮೀರಿಸುವ ಸಂಸಾರ.
ಎಷ್ಟು ಮಡಿಕೆ ನೋಡಿ. "ಇಸ್ತ್ರಿ ಕಾಣದ ಲಂಗ"
ಎನ್ನುತ್ತಾಳೆ ಒಡಾಲಿಸ್, ಮುಂದಿನ ಸಾಲಿನ ಹುಡುಗಿ.
ಇರಲಿ. ಆ ಲಂಗವನ್ನು ಬಿಡಿಸಿ ಹಾಸಿದರೆ
ಈ ಮೇಜಿನಂಚು ದಾಟೀತು.

ನಡುವೆ ಮಲಗಿದೆ ಹುಳು, ಬೆನ್ನನ್ನು ನೆಟ್ಟಗಿಡುವುದು ಅದು.
ಅತ್ತ ಇತ್ತ ಎರಡು ಗೋಳ:
ಸೂಜಿಗೆ ದಾರ ಪೋಣಿಸುವ, ಡೊಮಿನೊ ಕಾಯಿಯನ್ನು
ಸದ್ದಾಗದಂತೆ ಇಡುವ ಬೆರಳುಗಳ ಹದ ಅಲ್ಲಿ.

ಈಗ ಕೊಯ್ಯುತ್ತೇನೆ. ಉಸಿರು ಬಿಗಿಹಿಡಿಯಿರಿ.

ಒಂದೇ ಎಳೆತ. ಎರಡು ಹೋಳು.
ಒಳಗೆ ಮರ.
ಬಿಳಿ ಕಾಂಡ, ಬಿಳಿ ಕೊಂಬೆ, ಬೂದು ಎಲೆಯ ಅಂಚು.
ಯಾರೂ ಕೆಮ್ಮುವುದಿಲ್ಲ.
ಜೀವವೃಕ್ಷ ಎಂದರಂತೆ ಹಳಬರು, ಅದರ ಮಾತು ಕೇಳದೆಯೇ.

ಆ ಎಲೆಯಂಚಿನಲ್ಲಿ ಸಾಲಾಗಿ ನಿಂತಿವೆ ಪರ್ಕಿಂಜೆ ಕೋಶಗಳು,
ಬೀಸಣಿಗೆಯಂತೆ ಕೈ ಹರಡಿ.
ಲಕ್ಷ ದಾರಗಳು ಬಂದು ಕಿವಿಯೂದುತ್ತವೆ:
ಮೊಣಕಾಲು ಎಲ್ಲಿದೆ, ಮೆಟ್ಟಿಲು ಎಷ್ಟು ದೂರ.
ಒಂದೇ ಒಂದು ಬಳ್ಳಿ ಬುಡದಿಂದ ಹತ್ತಿ ಬಂದು
ತಪ್ಪಾದಾಗ ಮಾತ್ರ ಕೂಗುತ್ತದೆ, ತಪ್ಪು! ಎಂದು.
ಇಷ್ಟನ್ನೂ ಕೇಳಿ ಆ ಕೋಶಕ್ಕೆ ಆಡಲು ಬರುವುದು
ಒಂದೇ ಮಾತು:
ಬೇಡ.

ಬರೆದುಕೊಳ್ಳಿ.
ಇಲ್ಲಿಂದ ಹೊರಡುವ ಅಪ್ಪಣೆಯೆಲ್ಲ ತಡೆ.
ನಿಮ್ಮ ಶನಿವಾರದ ಕುಣಿತ, ತೊದಲದ ನಿಮ್ಮ ನಾಲಿಗೆ,
ಹೊತ್ತರಿತು ಹೇಳಿದ ಸಾವಿರ ಬೇಡಗಳು
ಬಿಟ್ಟುಕೊಟ್ಟ ಸಂದು.

ಇದನ್ನು ನಾನು ಪುಸ್ತಕಕ್ಕಿಂತ ಮೊದಲೇ ಕೇಳಿದ್ದೆ.
"ಕೈಗೆ ಹೋಗು ಅನ್ನಲು ಯಾರಿಗಾದರೂ ಬರುತ್ತದೆ.
ಗಂಟಲ ಹತ್ತಿರ ಸಾಕು ಅನ್ನಬೇಕಲ್ಲ, ಅದೇ ಕ್ಷೌರ,"
ಎನ್ನುತ್ತಿದ್ದ ಅಪ್ಪ, ಲಿಯೊವಿಹಿಲ್ದೊ,
ಹೂವಿನ ಪಾರ್ಕಿನ ಹಿಂದಿನ ಗಲ್ಲಿಯಲ್ಲಿ ಮೂವತ್ತೊಂದು ವರ್ಷ ಕತ್ತಿ ಹಿಡಿದವನು.

ಮೊದಲು ಕಣ್ಣು ನಿಧಾನವಾಯಿತು.
ಕನ್ನಡಿಯ ಗಿರಾಕಿಯಿಂದ ಬಾಗಿಲ ಗಿರಾಕಿಗೆ
ನೋಟ ನಡೆದುಕೊಂಡು ಹೋಗುತ್ತಿತ್ತು.
ಆಮೇಲೆ ಒಬ್ಬ ಮದುಮಗನ ಕಿವಿ.
ತೊಡೆಯ ಮೇಲಿಟ್ಟ ಕೈ ಕಲ್ಲಿನಷ್ಟು ನಿಶ್ಚಲ;
ಲೋಟದ ಕಡೆ ಚಾಚಿದರೆ ಸಾಕು,
ಹತ್ತಿರವಾದಷ್ಟೂ ನಡುಕ, ತುಟಿಗೆ ಬಂದಾಗ ಕಾಫಿಯೆಲ್ಲ ಅಂಗಿಗೆ.

ಅಜ್ಜನೂ ಹೀಗೇ. ಕಬ್ಬಿನ ಗದ್ದೆಯಿಂದ ಜೋಲಿ ಹೊಡೆಯುತ್ತ ಬರುವಾಗ
ಕುಡುಕ ಎಂದರು, ತೊಟ್ಟು ರಮ್ ಮುಟ್ಟದವನನ್ನು.
ಈ ಸೀಮೆಯಲ್ಲಿ ಕೆಲವು ಮನೆತನಗಳು
ಮೂಗು, ಅಡ್ಡಹೆಸರು, ಹೊಲದ ಜತೆಗೆ ಇದನ್ನೂ ದಾಟಿಸುತ್ತವೆ.
ಅರ್ಧಕ್ಕರ್ಧ ಸಾಧ್ಯತೆ, ನಾಣ್ಯದ ಹಾಗೆ.

ಭಾನುವಾರ ನಾನು ಅವನ ಗಡ್ಡ ಹೆರೆಯುತ್ತೇನೆ, ಪ್ಲಾಸ್ಟಿಕ್ಕಿನ ರೇಜರಿನಲ್ಲಿ.
ಅದನ್ನವನು ಆಟಿಕೆ ಅನ್ನುತ್ತಾನೆ.
ತಲೆ ತೂಗುತ್ತಿರುತ್ತದೆ; ತೂಗಾಟದ ನಡುವೆ ಅವನೇ ತಾಳ ಹಿಡಿದು
ಈ… ಗ, ಎನ್ನುತ್ತಾನೆ,
ನೆ… ರೈ… ದಾ, ಈ… ಗ.
ನಾನು ಕಾಯಲು ಕಲಿತಿದ್ದೇನೆ.

ಅವನ ಕತ್ತಿ ಇದು, ಈಗಷ್ಟೇ ನಿಮ್ಮೆದುರು ಮರ ತೋರಿಸಿದ್ದು.
"ಕೆಲಸವಿಲ್ಲದ ಕಬ್ಬಿಣ ತುಕ್ಕು ಹಿಡಿಯುತ್ತೆ, ತಗೊಂಡು ಹೋಗು" ಅಂದಿದ್ದ.
ಇದನ್ನು ವಿದ್ಯಾರ್ಥಿಗಳಿಗೆ ಹೇಳಿಲ್ಲ.

ಗಂಟೆಯಾಯಿತು. ಹೋಳುಗಳನ್ನು ಜಾಡಿಗೆ ಇಳಿಸಿ
ಮುಚ್ಚಳ ತಿರುಗಿಸಿದೆ. ಮೊದಲ ಸುತ್ತು ತಪ್ಪಿತು.
ಎಲ್ಲರಿಗೂ ತಪ್ಪುತ್ತದೆ.
ಒಡಾಲಿಸ್ ನೋಡುತ್ತಿದ್ದಳು.
ಎರಡನೆಯ ಸಲ ಕೂತಿತು.